ತೇಯಲಿಕ್ಕೆ ಬೇಕಾದ ಹಾಲು

ಶಿವಮೊಗ್ಗದ ಆಸ್ಪತ್ರೆಯಿಂದ ಬರಿಗೈಯಲ್ಲಿ ಭದ್ರಾವತಿಗೆ, ಕಾಗದನಗರದ ನಮ್ಮ ಕ್ವಾರ್ಟರ್ಸಿಗೆ ಬಂದು ಒಂಬತ್ತು ದಿನವಾಗಿತ್ತು. ನನ್ನ ಮಗು ಎರಡೇ ದಿನ ಬದುಕಿತ್ತು. ಎದೆಹಾಲಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ. ದಿನಕ್ಕೆ ಮೂರು ರವಿಕೆ ಒದ್ದೆಯಾಗುತ್ತಿದ್ದವು.

ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಅಲ್ಲಿನ ಒಂದು ತಿಂಗಳ ಕೂಸು ಸಂಜೆಯಾಯಿತೆಂದರೆ ಹೊಟ್ಟೆನೋವಿಗೆ ಕಿರುಚುತ್ತಿತ್ತು. ವೀಳ್ಯದೆಲೆಗೆ ಹರಳೆಣ್ಣೆ ಸವರಿ ಶಾಖ ಕೊಟ್ಟರು, ಹೊಕ್ಕುಳ ಸುತ್ತ ಇಂಗು ಹಚ್ಚಿದರು. ಅಳು ನಿಲ್ಲಲಿಲ್ಲ. ನನಗೆ ಕನಿಕರವೇನೂ ಹುಟ್ಟಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು. ಅಳಲಿಕ್ಕಾದರೂ ಅವರಿಗೊಂದು ಮಗುವಿದೆಯಲ್ಲ!

ಒಂದು ಸಂಜೆ ಆ ಮನೆಯ ಅಜ್ಜಿ ಸೆರಗಿನಡಿ ಬೆಳ್ಳಿ ಬಟ್ಟಲೊಂದನ್ನು ಮುಚ್ಚಿಕೊಂಡು ನಮ್ಮ ಬಾಗಿಲಲ್ಲಿ ನಿಂತರು. ಹೊಟ್ಟೆನೋವಿಗೆ ಬಜೆಬೇರನ್ನು ಎದೆಹಾಲಿನಲ್ಲೇ ತೇಯಬೇಕು ಎನ್ನುತ್ತಾರೆ. ಅವರ ಸೊಸೆಗೆ ಹಾಲು ಬತ್ತಿಹೋಗಿತ್ತು.

"ಕೇಳೋಕೆ ನಂಗೆ ಬಾಯಿ ಬರ್ತಿಲ್ಲ ಮಾರಾಯ್ತಿ," ಎನ್ನುತ್ತ ಅವರೇ ಅತ್ತುಬಿಟ್ಟರು.

"ಕೊಡಿ ಅಜ್ಜಿ," ಎಂದು ಬಟ್ಟಲನ್ನು ಕಿತ್ತುಕೊಂಡವಳಂತೆ ಒಳಗೆ ಹೋದೆ. ಒಂದು ಚಮಚ ಸಾಕಿತ್ತು. ನಾನು ಅಂಚಿನವರೆಗೆ ತುಂಬಿಸಿ ತಂದುಕೊಟ್ಟೆ.

ಗೋಡೆಯಾಚೆ ಸಾಣೆಕಲ್ಲಿನ ಮೇಲೆ ಬೇರು ತೇಯುವ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಅಳು ನಿಂತಿತು.

ಮಾರನೆಯ ಸಂಜೆ ನಾನು ತಲೆ ಬಾಚಿಕೊಂಡು, ಬಾಗಿಲು ತೆರೆದಿಟ್ಟು, ಆ ಕೂಸಿಗೆ ಮತ್ತೆ ಹೊಟ್ಟೆನೋವು ಬರಲಿ ಎಂದು ದೇವರನ್ನು ಬೇಡುತ್ತ ಕುಳಿತಿದ್ದೆ. ಅದು ಅಳಲೇ ಇಲ್ಲ.