ಲೋರ್ನಾ ಹಾಕದ ಸಹಿ

ಓಹಿಯೋ ನದಿಯ ದಡದ ನಮ್ಮ ಹೈಸ್ಕೂಲಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಪಕ್ಕದ ಕೋಣೆ ಲೋರ್ನಾ ಹ್ಯಾಸ್ಕಿನ್ಸ್ ಅವರದು. ಕಾಲೇಜಿಗೆ ಹೊರಟ ಮಕ್ಕಳು ಯಾವ ವಿಷಯ ತೆಗೆದುಕೊಳ್ಳಬೇಕೆಂದು ಸಲಹೆ ಕೊಡುವುದು, ಅವರ ಬಗ್ಗೆ ಕಾಲೇಜುಗಳಿಗೆ ವರದಿ ಕಳಿಸುವುದು ಅವರ ಕೆಲಸ. ಮಿತಭಾಷಿ, ಊಟವನ್ನೂ ಮೇಜಿನ ಮುಂದೆಯೇ ಮುಗಿಸುವವರು. ಪೋಷಕರಿಗೆಲ್ಲ ಅವರು ಹೇಳುತ್ತಿದ್ದುದು ಒಂದೇ: “ಬರೀ ಗ್ರೇಡ್ ನೋಡಲ್ಲ ಕಾಲೇಜಿನವರು. ಯಾವ ಪಾಠದಲ್ಲಿ ಬಂತು ಅಂತಾನೂ ನೋಡ್ತಾರೆ.”

ಆ ಮಾತು ನಂಬಿ ಕಠಿಣ ಗಣಿತ ತೆಗೆದುಕೊಂಡವಳು ಟೀಗನ್ ವೋಜಿಕ್. ಎಲ್ಲದರಲ್ಲೂ ‘ಎ’ ಪಡೆಯುತ್ತಿದ್ದವಳಿಗೆ ಮೊದಲ ಬಾರಿ ‘ಬಿ’ ಬಂತು. ಮರುದಿನ ಅವಳ ಕಣ್ಣು ಏಟಿಗೆ ಕಪ್ಪಾಗಿ ಬಾತಿತ್ತು. ಲೋರ್ನಾ ಅಂದೇ ಮಕ್ಕಳ ರಕ್ಷಣೆಯ ಕಚೇರಿಗೆ ದೂರು ಕೊಟ್ಟರು. ಯಾರೋ ಬಂದು ವಿಚಾರಿಸಿ ಹೋದರು.

ವಿಷಯ ಬದಲಿಸಲು ಇದ್ದ ಕೊನೆಯ ದಿನ ಅವಳ ತಂದೆ, ಕೊಳವೆ ಕಾರ್ಖಾನೆಯ ಕೆಲಸಗಾರ ಡ್ಯಾರೆಲ್, ಲೋರ್ನಾ ಸಹಿ ಹಾಕಬೇಕಿದ್ದ ಬದಲಾವಣೆಯ ಚೀಟಿ ಹಿಡಿದು ಬಂದ. ಮಗಳು ಹಿಂದೆ ನಿಂತಿದ್ದಳು. ಗೋಡೆಯಾಚೆಯ ನನಗೆ ಎಲ್ಲವೂ ಕೇಳಿಸುತ್ತಿತ್ತು.

“ಸುಲಭದ ಲೆಕ್ಕಕ್ಕೆ ಹಾಕಿ ಇವಳನ್ನ. ‘ಎ’ ಬರ್ಲಿ.”

“ಆ ‘ಎ’ಗೆ ಬೆಲೆ ಇಲ್ಲ, ಡ್ಯಾರೆಲ್. ಕಾಲೇಜಿಗೆ ಅರ್ಜಿ ಆಗ್ಲೇ ಹೋಗಿದೆ. ಕಠಿಣ ಗಣಿತ ಈಗ ಬಿಟ್ಳು ಅಂತಾನೂ ಅವರಿಗೆ ನಾನೇ ತಿಳಿಸ್ಬೇಕು. ಸೀಟು ಸಿಗಲ್ಲ.”

“ಕಾಲೇಜು ಓದಿದೀನಿ ಅಂತ ಧಿಮಾಕಾ? ಹಾಕ್ರೀ ಸೈನು!”

“ಹಾಕಲ್ಲ.”

ಅವನು ಅವರ ಬಲಗೈ ಹಿಡಿದು ಮೇಜಿನ ಅಂಚಿಗೆ ಅಪ್ಪಳಿಸಿದ. ಮೂಳೆ ಮುರಿದ ಅವರ ಚೀತ್ಕಾರಕ್ಕೆ ನಾನು ಓಡಿದೆ. ಬಾಗಿಲಲ್ಲೇ ನನ್ನನ್ನು ಕಬ್ಬಿಣದ ಬೀರುವಿನ ಮೇಲೆ ಎಸೆದ. ಹಣೆಯ ರಕ್ತ ಕಣ್ಣಿಗಿಳಿಯಿತು. ಅಷ್ಟರಲ್ಲಿ ಟೀಗನ್ ಚೀಟಿ ಕಿತ್ತುಕೊಂಡು ಬಾಯಿಗೆ ತುರುಕಿಕೊಂಡಿದ್ದಳು.

“ಉಗಿಯೇ!” ಡ್ಯಾರೆಲ್ ಅವಳ ಎಡಗಿವಿಯ ಮೇಲೆ ಗುದ್ದಿದ. ಬಿದ್ದವಳ ಪಕ್ಕೆಗೆ ಒದ್ದ. ಅವಳು ಅಗಿಯುತ್ತಲೇ ಇದ್ದಳು, ತುಟಿಯಿಂದ ರಕ್ತ ಸುರಿಯುತ್ತಿದ್ದರೂ. ಶಾಲೆಯ ಕಾವಲಿಗೆ ನೇಮಿಸಿದ್ದ ಪೊಲೀಸಿನವನು ಬಂದು ಅವನನ್ನು ನೆಲಕ್ಕೆ ಕೆಡವಿ ಬೇಡಿ ಹಾಕುವ ಹೊತ್ತಿಗೆ ಚೀಟಿಯನ್ನು ನುಂಗಿಬಿಟ್ಟಿದ್ದಳು.

ಡ್ಯಾರೆಲ್ ಜೈಲಿಗೆ ಹೋದ. ಟೀಗನ್ ಚಿಕ್ಕಮ್ಮನ ಮನೆ ಸೇರಿದಳು. ಕಾಲೇಜಿಗೆ ವರ್ಷದ ನಡುವಿನ ವರದಿ ಕಳಿಸುವಾಗಲೂ ಲೋರ್ನಾರ ಕೈ ಪ್ಲಾಸ್ಟರಿನಲ್ಲಿತ್ತು. ಅವರು ಹೇಳಿದರು, ನಾನು ಟೈಪು ಮಾಡಿದೆ.

“ಮತ್ತೆ ‘ಬಿ’ನೇ ಕಣೇ,” ಎಂದರು ಲೋರ್ನಾ, ಎದುರು ಕೂತಿದ್ದ ಟೀಗನ್‌ಗೆ.

“ಗೊತ್ತು ಮಿಸ್. ಹಾಗೇ ಬರೀರಿ.”

ನಮ್ಮ ಶಾಲೆಯ ಅತಿ ಕಠಿಣ ಪಾಠಗಳನ್ನೇ ಓದಿದವಳು ಎಂದೂ ಬರೆಸಿದರು. ವಸಂತದಲ್ಲಿ ಕಾಲೇಜು ಅವಳನ್ನು ಸೇರಿಸಿಕೊಂಡಿತು. ಅವಳಿಗೆ ಎಡಗಿವಿ ಈಗ ಕೇಳಿಸುವುದಿಲ್ಲ. ತರಗತಿಯಲ್ಲಿ ಎಡಗೋಡೆಗೆ ಒತ್ತಿ, ಬಲಗಿವಿಯನ್ನು ಉಪನ್ಯಾಸಕರತ್ತ ಮಾಡಿ ಕೂರುತ್ತಾಳಂತೆ.