ಆಯ್ತಪ್ಪನ ‘ಆಯ್ತು’

ಕುರಿಯನ್ನು ಹಿಡಿಯುವುದಕ್ಕೆ ಅದರ ಉಣ್ಣೆಗಿಂತ ಅನುಕೂಲವಾದ ಹಿಡಿ ಇನ್ನೊಂದಿಲ್ಲ ಎಂದು ದರ್ಜಿ ನಂಬಿದ್ದ. ಬಟ್ಟೆ ಹಿಡಿದೇ ಬದುಕಿದವನು ಬೇರೇನು ನಂಬಿಯಾನು? ಎರಡೂ ಮುಷ್ಟಿಗೆ ಉಣ್ಣೆ ಸಿಕ್ಕಿದ್ದೇ ತಡ, ಕುರಿ ಹೊರಟಿತು, ದರ್ಜಿಯೂ ಹೊರಟ. ದೊಡ್ಡಿಯ ಆ ಮೂಲೆಯಿಂದ ಈ ಮೂಲೆಗೆ ಹೊಟ್ಟೆಯ ಮೇಲೆ ಪ್ರಯಾಣ ಮಾಡಿ, ನೀರಿನ ತೊಟ್ಟಿಯ ಬುಡದಲ್ಲಿ ಬಂದು ನಿಂತಾಗ ಅವನ ಪ್ಯಾಂಟು ಹಿಂದುಗಡೆ ಉದ್ದಕ್ಕೂ ಹೊಲಿಗೆ ಬಿಟ್ಟಿತ್ತು. ತಾನೇ ಹೊಲಿದುಕೊಂಡ ಪ್ಯಾಂಟು.

“ಯಾರ ಹತ್ರ ಹೊಲಿಸಿದ್ದಪ್ಪಾ?” ಎಂದು ಬೇಲಿಯಾಚೆಯಿಂದ ಮಂದೆಯ ಒಡತಿ ಕೇಳಿದಳು.

ದರ್ಜಿ ಅಂಗಿಯ ತುದಿಯನ್ನು ಹಿಂದಕ್ಕೆ ಎಳೆದುಕೊಂಡ. ಒಡತಿ ನಕ್ಕದ್ದಕ್ಕೆ ಅವನಿಗೆ ಬೇಜಾರಿರಲಿಲ್ಲ. ಕತ್ತರಿ ಹಿಡಿದು ಅಲ್ಲೇ ನಿಂತಿದ್ದ ಅಕ್ಕನ ಗಂಡ, ಭಾವ, ನಗಲಿಲ್ಲವಲ್ಲ, ಅದು ಮನಸ್ಸಿಗೆ ಚುಚ್ಚಿತು. ಅಕ್ಕ ಇದ್ದ ಕಾಲದಲ್ಲಾಗಿದ್ದರೆ ಈ ಪ್ಯಾಂಟಿನ ಕಥೆ ಊಟದ ಹೊತ್ತಿಗೆ ಮನೆ ಮುಟ್ಟಿರುತ್ತಿತ್ತು.

ಭಾವನ ಕಸುಬು ಕುರಿಗಳ ಉಣ್ಣೆ ಕತ್ತರಿಸುವುದು. ಎಲ್ಲರ ಹಾಗೆ ಅವರಿಗೂ ಹೆತ್ತವರು ಇಟ್ಟ ಹೆಸರೊಂದಿತ್ತು. ಆದರೆ ಜನ ಕರೆಯುತ್ತಿದ್ದದ್ದು ಆಯ್ತಪ್ಪ ಎಂದೇ. ಓಡುವುದು, ಕೂಗುವುದು, ನಾಯಿಯನ್ನು ಬಿಟ್ಟು ಅಟ್ಟಿಸುವುದು ಅವರ ಬಳಿ ಇರಲಿಲ್ಲ. ಅಂಗಡಿಗೆ ಹೊರಟವರ ಹಾಗೆ ಬೇರೆಲ್ಲೋ ನೋಡುತ್ತಾ ಮಂದೆಯೊಳಗೆ ನಡೆದು, ಒಂದು ಕೈಯನ್ನು ಕುರಿಯ ಗದ್ದದಡಿಗೂ ಇನ್ನೊಂದನ್ನು ಪಕ್ಕೆಗೂ ಕೊಟ್ಟು, ತಲೆಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿ ಕುಂಡಿಯ ಮೇಲೆ ಕೂರಿಸುತ್ತಿದ್ದರು. ಕುರಿ ಅವರ ಮೊಣಕಾಲಿಗೆ ಬೆನ್ನು ಆನಿಸಿ, ಆರಾಮಕುರ್ಚಿ ಸಿಕ್ಕ ನಿವೃತ್ತ ಹೆಡ್‌ಮಾಸ್ಟರರ ಹಾಗೆ ಕೂತುಬಿಡುತ್ತಿತ್ತು. ಆಗ ಅದರ ಕಿವಿಯ ಹತ್ತಿರ ಬಾಗಿ, “ಆಯ್ತು ತಾಯಿ, ಆಯ್ತು” ಎನ್ನುವರು. ಕತ್ತರಿಯನ್ನು ಕೈಗೆತ್ತಿಕೊಳ್ಳುತ್ತಿದ್ದದ್ದು ಅದಾದ ಮೇಲೆ.

“ಇವರು ಆಯ್ತು ಅಂದ್ರೆ ಇನ್ನೂ ಶುರುವೇ ಆಗಿಲ್ಲ ಅಂತ ತಿಳ್ಕೋಬೇಕು” ಎಂದು ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು. ಅಷ್ಟಾದರೂ ಹಲ್ಲುನೋವು ಬಂದರೆ ಆ ಮಾತು ಕೇಳುವುದಕ್ಕೇ ಗಂಡನ ಪಕ್ಕದಲ್ಲಿ ಹೋಗಿ ಕೂರುವಳು.

ಹೋದ ಚಳಿಗಾಲದಲ್ಲಿ ಅಕ್ಕ ಆಸ್ಪತ್ರೆ ಸೇರಿದಳು. ಭಾವ ಅವಳ ಅಂಗೈಯನ್ನು ತಮ್ಮ ಎರಡೂ ಕೈಗಳ ನಡುವೆ ಇಟ್ಟುಕೊಂಡು ‘ಆಯ್ತು, ಆಯ್ತು’ ಎಂದು ಅದನ್ನೇ ಹೇಳುತ್ತಾ ಕೂತಿದ್ದರು. ದರ್ಜಿ ಮಂಚದ ಕಾಲುಗಡೆ ನಿಂತಿದ್ದ. ಅಕ್ಕನ ಉಸಿರು ಹಗುರವಾಯಿತು, ಹಣೆಯ ಗಂಟು ಬಿಚ್ಚಿತು. ಇಬ್ಬರೂ ನಿದ್ದೆ ಬಂತೆಂದುಕೊಂಡರು. ದಾದಿ ಬಂದು ನಾಡಿ ಹಿಡಿದು ನೋಡಿದಳು. ಕಣ್ಣೆತ್ತದೆ, “ಆಯ್ತು” ಎಂದಳು.

ಅವತ್ತಿನಿಂದ ಭಾವನ ಬಾಯಲ್ಲಿ ಆ ಮಾತಿಲ್ಲ. ಅಂಗಡಿಯವನು ಏನಾದರೂ ಕೇಳಿದರೆ ತಲೆಯಾಡಿಸುತ್ತಾರೆ. ಮನೆಯಲ್ಲಿ ಕುರ್ಚಿಯಿದ್ದರೂ ನಲ್ಲಿಯ ಹತ್ತಿರ ನಿಂತೇ ಉಣ್ಣುತ್ತಾರೆ. ಕತ್ತರಿಯೊಂದು ಕೈಯಲ್ಲಿರುವ ಹೊತ್ತು ಮಾತ್ರ ಮನುಷ್ಯರ ಹಾಗೆ ಕಾಣುತ್ತಾರೆ. ಈಗ ಅದಕ್ಕೂ ಸಂಚಕಾರ ಬಂದಿತ್ತು. ಅವರು ತುಟಿ ಬಿಚ್ಚದೆ ಕತ್ತರಿಸಹೊರಟರೆ ಕುರಿಗಳು ಮೈ ಬಿಗಿಹಿಡಿದು ಒದೆಯುತ್ತಿದ್ದವು. ಬೆಳಿಗ್ಗೆ ಒಡತಿ ಮುಖ ನೋಡದೆ ಹೇಳಿದ್ದಳು: “ಗಬ್ಬದ ಕುರಿಗಳಿವೆ ರೀ. ಹೀಗೆ ಗಾಬರಿ ಬಿದ್ರೆ ಹೊಟ್ಟೇಲಿರೋ ಮರಿ ಹೋಗಿಬಿಡುತ್ತೆ. ಇನ್ನೊಂದಕ್ಕೆ ಗಾಯ ಆದ್ರೆ ಮಿಷಿನ್ನವರನ್ನ ಕರೆಸ್ತೀನಿ. ಬೇಜಾರು ಮಾಡ್ಕೋಬೇಡಿ.” ಒಂದು ಮಂದೆ ಕೈಬಿಟ್ಟರೆ ಉಳಿದ ಮಂದೆಯವರೂ ಕೈಬಿಡುತ್ತಾರೆ. ಆಮೇಲೆ ಭಾವನಿಗೆ ಉಳಿಯುವುದು ಆ ನಲ್ಲಿ ಒಂದೇ. ದರ್ಜಿ ಅಂಗಡಿಗೆ ಬೀಗ ಹಾಕಿ, ಯಾರೂ ಕರೆಯದಿದ್ದರೂ ಸಹಾಯಕ್ಕೆಂದು ಬಂದದ್ದು ಇದೇ ಭಯಕ್ಕೆ. ಬಂದು ಮಾಡಿದ ಸಹಾಯ ಮೇಲೆ ಹೇಳಿದ್ದು.

ಅವನು ಎಬ್ಬಿಸಿದ ಗದ್ದಲಕ್ಕೆ ಮಂದೆಯೆಲ್ಲ ಬೆದರಿತ್ತು. ಭಾವ ಎಲ್ಲ ತಣ್ಣಗಾಗುವವರೆಗೆ ಕಾದು, ಕರಿಮೂತಿಯ ಒಂದು ಹಳೇ ಕುರಿಯನ್ನು ಕೊಟ್ಟಿಗೆಯೊಳಗೆ ತಂದು ಕೂರಿಸಿದರು. ಹೊಟ್ಟೆಯ ಉಣ್ಣೆ ಬಂತು. ಪಕ್ಕೆಗೆ ಬರುವಾಗ ಕುರಿ ಒಮ್ಮೆಲೇ ಕೊಸರಿತು. ಚರ್ಮದ ಮೇಲೆ ಸಣ್ಣ ಕೆಂಪು ಗೆರೆ ಮೂಡಿತು.

ಭಾವ ಕತ್ತರಿ ಕೆಳಗಿಟ್ಟು ಮುಲಾಮು ಹಚ್ಚಿದರು. ಒಡತಿ ಬಾಗಿಲಲ್ಲಿ ನಿಂತು ನೋಡಿದಳು. ಫೋನು ಇದ್ದ ಕೋಣೆಯ ಕಡೆ ತಿರುಗಿದಳು.

ದರ್ಜಿ ಒಳಗೆ ಓಡಿಬಂದ. ಕುರಿಯ ಎದುರು ಮಂಡಿಯೂರಿ, “ಆಯ್ತು ಆಯ್ತು ಆಯ್ತು!” ಎಂದು ಶುರುಹಚ್ಚಿದ. ಅಂಗಡಿಯಲ್ಲಿ ಇನ್ನೂ ಬಟ್ಟೆಗೆ ಕತ್ತರಿಯನ್ನೇ ಇಡದೆ, “ಆಯ್ತು ಸಾರ್, ಗುಂಡಿ-ಕಾಜಾ ಒಂದೇ ಬಾಕಿ, ನಾಳೆ ಬನ್ನಿ” ಎನ್ನುವ ಅದೇ ಗಂಟಲು, ಅದೇ ಅವಸರ. ಕುರಿ ಅವನ ಎದೆಗೆ ಸರಿಯಾಗಿ ಒಂದು ಒದೆ ಕೊಟ್ಟಿತು.

“ಸುಳ್ಳು ಹೇಳಿದ್ರೆ ಅದಕ್ಕೂ ಗೊತ್ತಾಗುತ್ತೆ ಕಣೋ” ಎಂದರು ಭಾವ.

ಎದೆ ಉಜ್ಜಿಕೊಳ್ಳುತ್ತಿದ್ದ ದರ್ಜಿಗೆ ರೇಗಿತು. “ನೀವು ಹೇಳ್ತಿದ್ದದ್ದು ಮಾತ್ರ ನಿಜವೋ? ಕತ್ತರಿ ಇಡೋಕೆ ಮುಂಚೇನೇ ಆಯ್ತು ಅಂತಿದ್ರಿ!”

“ನಾನು ಉಣ್ಣೆ ವಿಷಯ ಹೇಳ್ತಿರಲಿಲ್ಲ. ಹಿಡಿಯೋದು ಆಯ್ತು, ಹೆದರೋದು ಆಯ್ತು ಅಂತ. ಅದಕ್ಕೆ ಕಷ್ಟ ಅಷ್ಟೇ. ಉಳಿದದ್ದು ನನ್ನ ಕೆಲಸ.”

ದರ್ಜಿ ಎದೆ ಉಜ್ಜುವುದನ್ನು ನಿಲ್ಲಿಸಿದ. ಆಮೇಲೆ ಬಾಯಿ ತಡೆಯಲಿಲ್ಲ. “ಅಕ್ಕನಿಗೂ ಅದನ್ನೇ ತಾನೆ ಭಾವ ಹೇಳಿದ್ದು? ಹೆದರೋದು ಆಯ್ತು ಅಂತ?”

ಭಾವ ಕುರಿಯ ಕಿವಿಯ ಬುಡವನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತರು. ಕುರಿಯ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಆಮೇಲೆ ಬಾಗಿದರು.

“ಆಯ್ತು ತಾಯಿ” ಎಂದರು. “ಆಯ್ತು.”

ಕುರಿಯ ಕುತ್ತಿಗೆ ಸಡಿಲವಾಗಿ ಅವರ ತೊಡೆಯ ಮೇಲೆ ಬಿತ್ತು. ಕತ್ತರಿ ಪಕ್ಕೆಯ ಉದ್ದಕ್ಕೂ ನಡೆಯಿತು. ಭಾವನ ಕಣ್ಣಿಂದ ಇಳಿದದ್ದು ಉಣ್ಣೆಯಲ್ಲಿ ಇಂಗಿಹೋಗುತ್ತಿತ್ತು. ಒರೆಸಿಕೊಳ್ಳಲು ಅವರ ಕೈ ಖಾಲಿ ಇರಲಿಲ್ಲ. ಒಡತಿ ಫೋನಿನ ಕೋಣೆಯ ಹೊಸ್ತಿಲಿನಿಂದ ಹಿಂದಕ್ಕೆ ಬಂದಳು. ಒಳಗೆ ಬರಲಿಲ್ಲ. ಗಾಳಿಗೆ ಬಡಿದುಕೊಳ್ಳುತ್ತಿದ್ದ ಕೊಟ್ಟಿಗೆಯ ಬಾಗಿಲಿಗೆ ಸದ್ದಾಗದಂತೆ ಒಂದು ಕಲ್ಲು ಆನಿಸಿಟ್ಟು ಹೋದಳು.

ಸಂಜೆಯವರೆಗೂ ಭಾವ ದರ್ಜಿಯನ್ನು ಎದುರಿನ ಮೂಟೆಯ ಮೇಲೆ ಕೂರಿಸಿದ್ದರು. ಏನನ್ನೂ ಮುಟ್ಟಕೂಡದು, ಬಾಯಿ ಬಿಡಕೂಡದು, ಎದ್ದು ಹೋಗಲೂ ಕೂಡದು. ದರ್ಜಿ ಹರಿದ ಪ್ಯಾಂಟನ್ನು ಮೂಟೆಗೆ ಒತ್ತಿಕೊಂಡು ಕೂತೇ ಇದ್ದ. ಕೊನೆಯ ಕುರಿ ಬೆತ್ತಲೆಯಾಗಿ, ನಾಚಿಕೆಯೇನೂ ಇಲ್ಲದೆ ಎದ್ದುಹೋದ ಮೇಲೆ ಕೇಳಿದ:

“ನಾಳೆನೂ ಬರಲೇಬೇಕಾ ಭಾವ? ಹಿಡಿಯೋಕೆ ಬರಲ್ಲ, ಕತ್ತರಿಸೋಕೆ ಬರಲ್ಲ. ಸುಮ್ನೆ ಎದುರಿಗೆ ಕೂತಿದ್ರೆ ನನ್ನಿಂದ ಏನುಪಯೋಗ?”

ಭಾವ ಕತ್ತರಿಯ ಅಲಗನ್ನು ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ತಲೆಯೆತ್ತಲಿಲ್ಲ.

“ಕುರಿ ಒಂಟಿಯಾದ್ರೆ ಹೆದರುತ್ತೆ” ಎಂದರು. “ಎದುರಿಗೆ ಇನ್ನೊಂದು ಕಾಣ್ತಿರಬೇಕು.”