ಕಿವಿ ಮೇಸ್ತ್ರಿ

ಗ್ಯಾರೇಜಿಗೆ ಯಾವ ಕಾರು ಬಂದರೂ ಮೇಸ್ತ್ರಿ ಮೊದಲು ಆಯಿಲ್ ನೋಡುವ ಕಡ್ಡಿ ಎಳೆದು, ತುದಿಯನ್ನು ಎರಡು ಬೆರಳಲ್ಲಿ ಉಜ್ಜುತ್ತಾರೆ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿಸಿ, ಮೊಳದುದ್ದದ ಸ್ಕ್ರೂಡ್ರೈವರನ್ನು ಅದಕ್ಕೆ ಒತ್ತಿ, ಹಿಡಿಯನ್ನು ಎಡಗಿವಿಗೆ ಆನಿಸಿ ಕಣ್ಣು ಮುಚ್ಚುತ್ತಾರೆ. 'ಕಿವಿ ಮೇಸ್ತ್ರಿ' ಎಂಬ ಹೆಸರು ಬಂದದ್ದೇ ಹಾಗೆ. ಅವರು ಹಾಗೆ ನಿಂತರೆ ಎದುರಂಗಡಿಯವನು ಬಂದ ಸೀನನ್ನೂ ನುಂಗಿಕೊಳ್ಳುತ್ತಾನಂತೆ. ರಿಪೇರಿ ಆಗುವ ಎಂಜಿನ್ನಾದರೆ ಅರೆ ನಿಮಿಷದಲ್ಲೇ ತಲೆಯೆತ್ತಿ "ಬಿಚ್ಚೋಣ" ಎನ್ನುತ್ತಾರೆ. ಇವತ್ತು ಐದು ನಿಮಿಷವಾದರೂ ಎತ್ತಲಿಲ್ಲ. ಎಂಜಿನ್ನೇ ಬದಲಾದರೆ ಇದು ನನ್ನ ಕಾರು ಹೇಗಾದೀತು ಎಂದು ದಾರಿಯುದ್ದಕ್ಕೂ ಕೊರಗುತ್ತ ಬಂದಿದ್ದ ಟೀಚರಮ್ಮ ಪಕ್ಕದಲ್ಲೇ ನಿಂತಿದ್ದರು. ಮೇಸ್ತ್ರಿಯ ಹೆಂಡತಿ ಎಡಗಡೆಯಿಂದ "ಊಟಕ್ಕೆ ಬನ್ರೀ" ಎಂದು ಎರಡು ಸಲ ಕೂಗಿದರು. ಮೇಸ್ತ್ರಿ ಅಲ್ಲಾಡಲಿಲ್ಲ. "ಆ ಕಿವಿ ಕಿವುಡಾಗಿ ಹತ್ತು ವರ್ಷ ಆಯ್ತಮ್ಮ" ಎಂದರು ಆಕೆ, ಮೆಲ್ಲಗೆ. "ಮತ್ತೆ, ಏನು ಕೇಳಿಸ್ಕೊಳ್ತಿದ್ದಾರೆ?" "ಏನೂ ಇಲ್ಲ. ಆಯಿಲಲ್ಲಿ ಕಬ್ಬಿಣದ ಪುಡಿ ಕೈಗೆ ಸಿಕ್ಕಾಗಲೇ ಎಂಜಿನ್ ಹೋಯ್ತು ಅಂತ ಅವರಿಗೆ ಗೊತ್ತಾಗಿರತ್ತೆ. ಕಾರಿನವರ ಮನಸ್ಸು ಗಟ್ಟಿಯಾಗ್ಲಿ ಅಂತ ಹಾಗೆ ನಿಂತಿರ್ತಾರೆ." ಟೀಚರಮ್ಮ ಸ್ವಲ್ಪ ಹೊತ್ತು ಆ ಬಗ್ಗಿದ ಬೆನ್ನನ್ನೇ ನೋಡಿದರು. ಆಮೇಲೆ ಕಾರನ್ನು ಸುತ್ತಿ ಬಂದು ಮೇಸ್ತ್ರಿಯ ಬಲಗಡೆ ನಿಂತು, "ಬದಲಾಯಿಸಿಬಿಡಿ ಮೇಸ್ತ್ರಿ" ಎಂದರು.